ಗಾಜಿನ ಪೆಟ್ಟಿಗೆಯೊಳಗೆ ಬಿಸಿಲು ಬಂದ ಬಗೆ

ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಳನಾಡಿನ ಒಣಬಯಲುಗಳಲ್ಲಿ ಬಾಳುವ ಓತಿ. ನಮ್ಮ ಬೇಲಿಸಾಲಿನ ಓತಿಕ್ಯಾತ ಮತ್ತು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದವರೆಲ್ಲ ಬಲ್ಲ ಹಾರುವ ಓತಿ ಸೇರಿರುವ ಅಗಾಮಿಡೇ ಕುಟುಂಬಕ್ಕೇ ಇದೂ ಸೇರಿದೆ. ಬೆಳಗಾದರೆ ಬಂಡೆಯನ್ನೋ ಬೇಲಿಯ ಗೂಟವನ್ನೋ ಹತ್ತಿ ಬಿಸಿಲಿಗೆ ಮೈಯೊಡ್ಡಿ ಕೂರುತ್ತದೆ. ಮೈ ತಣ್ಣಗಿದ್ದಾಗ ಅದರ ಬೆನ್ನು ಕಪ್ಪಾಗಿ ಬಿಸಿಯನ್ನು ಹೆಚ್ಚು ಹೀರುತ್ತದೆ, ಕಾದ ಮೇಲೆ ಬಣ್ಣ ತಿಳಿಯಾಗುತ್ತದೆ. ಇಂಥ ಪ್ರಾಣಿಯನ್ನು ಯುರೋಪು, ಅಮೆರಿಕಗಳ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು ಸಾಕಬೇಕಾದರೆ ಬಿಸಿಲನ್ನೇ ಒಳಗೆ ತಯಾರಿಸಬೇಕಾಗುತ್ತದೆ. ಬಿಸಿಲೆಂದರೆ ಶಾಖ, ಬೆಳಕು, ನೇರಳಾತೀತ ಕಿರಣ ಈ ಮೂರೂ ಕೂಡಿದ್ದು. ಈ ಮೂರರ ಅಗತ್ಯವನ್ನು ಸಾಕುವವರು ಒಂದೊಂದಾಗಿ ಅರಿತದ್ದು ಸುಮಾರು ನೂರೈವತ್ತು ವರ್ಷಗಳಲ್ಲಿ. ಆ ಕಲಿಕೆಯ ಬೆಲೆಯನ್ನು ತೆತ್ತದ್ದು ಮಾತ್ರ ಪೆಟ್ಟಿಗೆಯೊಳಗಿದ್ದ ಮೂಕಪ್ರಾಣಿಗಳು.

ಬಿಸಿಲಿನ ಕಾಣದ ಎರಡು ತುದಿಗಳು ವಿಜ್ಞಾನಕ್ಕೆ ಪರಿಚಯವಾಗಿ ಆಗಲೇ ಬಹಳ ಕಾಲವಾಗಿತ್ತು. ಕೆಂಪಿನ ಆಚೆಗಿನ ಶಾಖದ ಕಿರಣವನ್ನು ವಿಲಿಯಂ ಹರ್ಷೆಲ್ 1800ರಲ್ಲಿ, ನೇರಳೆಯ ಆಚೆಗಿನ ಕಿರಣವನ್ನು ಯೋಹಾನ್ ರಿಟ್ಟರ್ 1801ರಲ್ಲಿ ಕಂಡುಹಿಡಿದಿದ್ದರು. ಆದರೂ 1849ರಲ್ಲಿ ಲಂಡನ್ ಮೃಗಾಲಯ ಜಗತ್ತಿನ ಮೊದಲ ಸರೀಸೃಪ ಗೃಹವನ್ನು ತೆರೆದಾಗ ಚಿಂತೆಯಿದ್ದದ್ದು ಶಾಖದ್ದೊಂದೇ. ಬಿಸಿನಾಡಿನ ಗಿಡಗಳನ್ನು ಗಾಜಿನ ಮನೆಯಲ್ಲಿ ಬೆಳೆಸಿ ರೂಢಿಯಿದ್ದ ದೇಶ ಅದು. ಹಾವು, ಹಲ್ಲಿಗಳಿಗೂ ಅದೇ ಉಪಾಯ ಸಾಕೆಂದು ತೋರಿತು. ಬಿಸಿನೀರಿನ ಕೊಳವೆಗಳಿಂದ ಇಡೀ ಕೋಣೆಯನ್ನು ಒಂದೇ ಸಮನೆ ಬೆಚ್ಚಗಿಡುವುದು ಹತ್ತೊಂಬತ್ತನೆಯ ಶತಮಾನದ ಪದ್ಧತಿ. ಜರ್ಮನಿಯಲ್ಲಿ ಮನೆಯೊಳಗೆ ಸರೀಸೃಪ ಸಾಕುವ ಹವ್ಯಾಸ ಬೇಗನೆ ಬೇರೂರಿತು. 1884ರಲ್ಲಿ ಯೋಹಾನ್ ಫಾನ್ ಫಿಷರ್ ಆ ವಿಷಯಕ್ಕೇ ಮೀಸಲಾದ ದೊಡ್ಡ ಗ್ರಂಥವನ್ನು ಹೊರತಂದರು. ಕರೆಂಟು ಮನೆಮನೆಗೆ ಬರುವ ಮುಂಚಿನ ಆ ಕಾಲದಲ್ಲಿ ಪೆಟ್ಟಿಗೆಯ ತಳ ಕಾಯಿಸಲು ದೀಪದ ಉರಿಯೇ ಗತಿ. ಪ್ರಾಣಿಗೆ ಬಿಸಿ ತಗಲುತ್ತಿದ್ದದ್ದು ಕೆಳಗಿನಿಂದ. ನಿಸರ್ಗದಲ್ಲಿ ಅದು ಬರುವುದು ಮುಖ್ಯವಾಗಿ ಮೇಲಿನಿಂದ. ಈ ತಪ್ಪು ಮುಂದಿನ ನೂರು ವರ್ಷ ಬೇರೆ ಬೇರೆ ವೇಷದಲ್ಲಿ ಉಳಿಯಿತು.

ನೇರಳಾತೀತ ಕಿರಣದ ಬೆಲೆ ತಿಳಿದದ್ದು ಮನುಷ್ಯರ ಮಕ್ಕಳಿಂದ. ಹೊಗೆ ಕವಿದ ಕೈಗಾರಿಕಾ ನಗರಗಳಲ್ಲಿ ರಿಕೆಟ್ಸ್ ಹಬ್ಬಿ ಎಳೆಯರ ಕಾಲುಗಳು ಬಾಗುತ್ತಿದ್ದವು. ಪಾದರಸದ ದೀಪದ ನೇರಳಾತೀತ ಬೆಳಕಿಗೆ ಒಡ್ಡಿದರೆ ಅಂಥ ಮೂಳೆ ಮತ್ತೆ ಗಟ್ಟಿಯಾಗುತ್ತದೆಂದು 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್‌ಸ್ಕಿ ತೋರಿಸಿಕೊಟ್ಟರು. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವುದು ಬಿಸಿಲಿನ ಯುವಿ-ಬಿ ಎಂಬ ನೇರಳಾತೀತ ಕಿರಣ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕಿಟಕಿಯ ಸಾಮಾನ್ಯ ಗಾಜು ಈ ಕಿರಣವನ್ನು ತಡೆದುಬಿಡುತ್ತದೆ. ಹಾಗಾಗಿ ಗಾಜಿನ ಹಿಂದೆ ಹೊಳೆಯುವ ಬಿಸಿಲಿನಲ್ಲೇ ಕೂತ ಹಲ್ಲಿಯ ಮೂಳೆಯೂ ಮೆತ್ತಗಾಗಿ ದವಡೆ ಊದಬಹುದು, ಕಾಲು ಸೊಟ್ಟಗಾಗಬಹುದು.

ಈ ಅರಿವನ್ನು ಸರೀಸೃಪಗಳ ಮನೆಗೆ ತಂದ ಹಿರಿಮೆ ಜೋನ್ ಪ್ರಾಕ್ಟರ್ ಅವರದು. 1897ರಲ್ಲಿ ಹುಟ್ಟಿದ ಆಕೆ ಚಿಕ್ಕಂದಿನಿಂದ ರೋಗಪೀಡಿತೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಸರೀಸೃಪ ತಜ್ಞ ಬುಲಾಂಜೆಯವರ ಕೈಕೆಳಗೆ ಪಳಗಿ, 1923ರಲ್ಲಿ ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆಯಾದರು. ಅವರ ಯೋಜನೆಯಂತೆ ಕಟ್ಟಿದ ಹೊಸ ಸರೀಸೃಪ ಗೃಹ 1927ರಲ್ಲಿ ತೆರೆಯಿತು. ಇಡೀ ಕಟ್ಟಡವನ್ನು ಒಂದೇ ಹದಕ್ಕೆ ಕಾಯಿಸುವ ಹಳೆಯ ಕ್ರಮವನ್ನು ಅಲ್ಲಿ ಕೈಬಿಡಲಾಯಿತು. ವಿದ್ಯುತ್ತಿನಿಂದ ಬೇರೆ ಬೇರೆ ಗೂಡುಗಳಿಗೆ ಬೇರೆ ಬೇರೆ ಶಾಖ, ಪ್ರೇಕ್ಷಕರು ನಿಲ್ಲುವ ಓಣಿ ಮಬ್ಬು, ಪ್ರಾಣಿಗಳಿರುವ ಕಡೆ ಮೇಲಿನಿಂದ ಬೆಳಕು, ಜೊತೆಗೆ ನೇರಳಾತೀತ ಕಿರಣವನ್ನು ಒಳಬಿಡುವ ‘ವೀಟಾ’ ಗಾಜು. ಶಾಖ, ಬೆಳಕು, ಯುವಿ ಮೂರನ್ನೂ ಬೇರೆಬೇರೆಯಾಗಿ ಲೆಕ್ಕಹಾಕಿ ಒಂದೇ ಸೂರಿನಡಿ ಕೂಡಿಸಿದ ಕಟ್ಟಡ ಅದು. 34ರ ವಯಸ್ಸಿನಲ್ಲಿ, 1931ರಲ್ಲಿ ಪ್ರಾಕ್ಟರ್ ತೀರಿಕೊಂಡರು. ಇವತ್ತು ಮನೆಯಲ್ಲಿ ಡ್ರ್ಯಾಗನ್ ಸಾಕುವವರಲ್ಲಿ ಹೆಚ್ಚಿನವರಿಗೆ ಅವರ ಹೆಸರು ಗೊತ್ತಿಲ್ಲದಿರುವುದು ಬೇಸರದ ಸಂಗತಿ.

ಇನ್ನೊಂದು ಗಟ್ಟಿ ಹೆಜ್ಜೆ ಬಿದ್ದದ್ದು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ. ಶೀತರಕ್ತದ ಪ್ರಾಣಿಯ ಮೈಬಿಸಿ ಸುತ್ತಲಿನ ಗಾಳಿಯ ಬಿಸಿಯಂತೆಯೇ ಏರಿಳಿಯುತ್ತದೆಂಬ ನಂಬಿಕೆ ಬಹುಕಾಲದಿಂದ ಇತ್ತು. ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಕಾಡು ಹಲ್ಲಿಗಳ ಮೈಶಾಖವನ್ನು ಅಳೆದು 1944ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಮುರಿಯಿತು. ಬಿಸಿಲಿಗೂ ನೆರಳಿಗೂ ಓಡಾಡುತ್ತ ಹಲ್ಲಿ ತನ್ನ ಮೈಬಿಸಿಯನ್ನು ತಾನೇ ಒಂದು ಹದದಲ್ಲಿ ಹಿಡಿದಿಡುತ್ತದೆ. ಆ ಹದ ಜಾತಿಯಿಂದ ಜಾತಿಗೆ ಬೇರೆ. ಒಂದು ಮಿತಿ ಮೀರಿದರೆ ಮರುಭೂಮಿಯ ಹಲ್ಲಿಯೂ ಬಿಸಿಲಿನಲ್ಲಿ ಸಾಯುತ್ತದೆ. ಸಾಕುವವರಿಗೆ ಇದರ ಅರ್ಥ ಸ್ಪಷ್ಟ. ಪೆಟ್ಟಿಗೆಯ ಒಂದು ತುದಿ ಸುಡುವಷ್ಟು ಬಿಸಿಯಿದ್ದರೆ ಇನ್ನೊಂದು ತುದಿ ತಂಪಾಗಿರಲೇಬೇಕು. ಎಲ್ಲ ಕಡೆಯೂ ಒಂದೇ ಶಾಖವಿರುವ ಪೆಟ್ಟಿಗೆಯಲ್ಲಿ ಓಡಿಹೋಗಲು ಜಾಗವಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೆಯೇ ಬಿಯರ್ಡೆಡ್ ಡ್ರ್ಯಾಗನ್ ಸಾಕುಪ್ರಾಣಿಯಾದದ್ದು. ಮನೆಗಳಲ್ಲಿ ಹೆಚ್ಚಾಗಿ ಕಾಣುವ ‘ಪೊಗೊನಾ ವಿಟ್ಟಿಸೆಪ್ಸ್’ ಪ್ರಭೇದವನ್ನು ಜರ್ಮನಿಯ ಎರ್ನ್ಸ್ಟ್ ಆಲ್ 1926ರಲ್ಲಿ ವಿವರಿಸಿದ್ದರು. ಆಸ್ಟ್ರೇಲಿಯಾ ತನ್ನ ಕಾಡುಪ್ರಾಣಿಗಳನ್ನು ವ್ಯಾಪಾರಕ್ಕಾಗಿ ಹೊರಗೆ ಕಳಿಸುವುದನ್ನು ನಿಷೇಧಿಸಿರುವುದರಿಂದ ಇಂದು ಹೊರದೇಶಗಳಲ್ಲಿರುವವು ಬಹುಪಾಲು ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದ ಸಂತತಿ. ಯುರೋಪಿನಲ್ಲಿ ಮೊದಲು ನೆಲೆಯಾಗಿ, 1990ರ ದಶಕದಲ್ಲಿ ಅಮೆರಿಕದಲ್ಲೂ ಜನಪ್ರಿಯವಾಯಿತು. ಜೊತೆಜೊತೆಗೆ ಪೆಟ್ಟಿಗೆಯ ಸಲಕರಣೆಗಳ ದೊಡ್ಡ ಮಾರುಕಟ್ಟೆಯೇ ಬೆಳೆಯಿತು. ಅದರಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಒಳಗೆ ತಂತಿ ಸುತ್ತಿದ ‘ಬಿಸಿ ಕಲ್ಲು’ ಎಷ್ಟೋ ಪ್ರಾಣಿಗಳ ಹೊಟ್ಟೆಯ ಚರ್ಮವನ್ನು ಸುಟ್ಟಿತು. ತಳದಿಂದ ಕಾಯಿಸುವ ಹಳೆಯ ತಪ್ಪೇ ಹೊಸ ಪೊಟ್ಟಣದಲ್ಲಿ ಬಂದಿತ್ತು. ಇದಕ್ಕಿಂತ ಸಾದಾ ಬಲ್ಬು ಎಷ್ಟೋ ಮೇಲು. ತಂತಿ ಕೆಂಪಗೆ ಕಾದು ಉರಿಯುವ ಬಲ್ಬು ಕರೆಂಟಿನ ಬಹುಭಾಗವನ್ನು ಶಾಖವಾಗಿಯೇ ಸುರಿಸುತ್ತದೆ. ಮನೆ ಬೆಳಗಲು ಅದು ದಂಡವೆಂದು ಯುರೋಪು 2009ರಿಂದ ಅದನ್ನು ಹಂತಹಂತವಾಗಿ ಅಂಗಡಿಗಳಿಂದ ತೆಗೆಸಿತು; ಓತಿಗೆ ಬೇಕಾದದ್ದು ಆ ಶಾಖವೇ. ಈಗ ಆ ಜಾಗದಲ್ಲಿ ಹ್ಯಾಲೋಜನ್ ಬಲ್ಬು ಹೆಚ್ಚಾಗಿ ಬಳಕೆಯಲ್ಲಿದೆ.

ಯುವಿ ದೀಪಗಳ ದಾರಿ ಇನ್ನೂ ಅಂಕುಡೊಂಕು. ಹಗಲಿನ ಬೆಳಕನ್ನು ಹೋಲುವ ಟ್ಯೂಬ್‌ಲೈಟುಗಳನ್ನು ಮೊದಲು ನೆಚ್ಚಿಕೊಂಡರು; ಅವುಗಳಲ್ಲಿ ಯುವಿ-ಬಿ ತೀರಾ ಕಡಿಮೆ. ಸರೀಸೃಪಗಳಿಗೆಂದೇ ಮಾಡಿದ ಯುವಿ-ಬಿ ಟ್ಯೂಬುಗಳು 1990ರ ದಶಕದಲ್ಲಿ ಬಂದವು. ಅದರ ಬೆನ್ನಿಗೇ ಶಾಖವನ್ನೂ ಯುವಿಯನ್ನೂ ಒಟ್ಟಿಗೆ ಕೊಡುವ ಪಾದರಸದ ಆವಿಯ ಬಲ್ಬುಗಳು ಬಂದವು. 2000ದ ದಶಕದಲ್ಲಿ ಕೆಲವು ಸುರುಳಿ ದೀಪಗಳು ನಿಸರ್ಗದ ಬಿಸಿಲಿನಲ್ಲಿಲ್ಲದ ಕಿರುತರಂಗಗಳನ್ನು ಸೂಸಿ ಪ್ರಾಣಿಗಳ ಕಣ್ಣು ಊದಿಸಿದವು. ಎಷ್ಟು ಯುವಿ ಸಾಕು ಎಂಬ ಅಳತೆಯೇ ಇಲ್ಲದೆ ದೀಪ ಮಾರುತ್ತಿದ್ದದ್ದು ಈ ತೊಂದರೆಯ ಮೂಲ. ಗ್ಯಾರಿ ಫರ್ಗ್ಯುಸನ್ ಮತ್ತು ಸಂಗಡಿಗರು ಹಾವು, ಹಲ್ಲಿಗಳು ತಮ್ಮ ನೆಲೆಯಲ್ಲಿ ತಾವಾಗಿ ಮೈಯೊಡ್ಡುವ ಯುವಿಯನ್ನು ಅಳೆದು 2010ರಲ್ಲಿ ನಾಲ್ಕು ವಲಯಗಳನ್ನು ಗುರುತಿಸಿದರು. 2016ರಲ್ಲಿ ಬ್ರಿಟನ್ನಿನ ಪಶುವೈದ್ಯೆ ಫ್ರಾನ್ಸಿಸ್ ಬೇನ್ಸ್ ಮತ್ತು ಜೊತೆಗಾರರು ಅದನ್ನು 254 ಪ್ರಭೇದಗಳಿಗೆ ವಿಸ್ತರಿಸಿದರು. ಬಿಯರ್ಡೆಡ್ ಡ್ರ್ಯಾಗನ್ ಮೂರನೆಯ ವಲಯದ್ದು: ಅದು ದಿನದಲ್ಲಿ ಸರಾಸರಿ 1.0ರಿಂದ 2.6ರ ಯುವಿ ಸೂಚ್ಯಂಕಕ್ಕೆ ಮೈಯೊಡ್ಡುತ್ತದೆ.

ವಿಟಮಿನ್ ಪುಡಿಯಿಂದ ಈ ಕೊರತೆ ತುಂಬೀತೆಂಬ ಆಸೆಯೂ ನಿಲ್ಲಲಿಲ್ಲ. ಡ್ರ್ಯಾಗನ್ ಮರಿಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಡಚ್ ಅಧ್ಯಯನದಲ್ಲಿ ಯುವಿ-ಬಿ ಕಂಡ ಮರಿಗಳ ರಕ್ತದಲ್ಲಿ ವಿಟಮಿನ್ ಡಿ ಅಂಶ ಬರೀ ಪುಡಿ ತಿಂದವುಗಳಿಗಿಂತ ಬಹಳ ಹೆಚ್ಚಿತ್ತು. ಶಾಖ ಮತ್ತು ಯುವಿ ಬೇರೆ ಬೇರೆ ಮೂಲೆಯಲ್ಲಿದ್ದರೂ ಪ್ರಯೋಜನವಿಲ್ಲ. ಯುವಿ ಬಿದ್ದ ಚರ್ಮದಲ್ಲಿ ಮೊದಲು ಹುಟ್ಟುವುದು ವಿಟಮಿನ್ನಿನ ಪೂರ್ವರೂಪ. ಅದು ವಿಟಮಿನ್ ಆಗಿ ಮಾರ್ಪಡುವ ವೇಗ ಮೈಬಿಸಿಯನ್ನು ಅವಲಂಬಿಸಿದೆ. ಮೈಕೆಲ್ ಹಾಲಿಕ್ ಮತ್ತು ಸಂಗಡಿಗರು 1995ರಲ್ಲಿ ಇಗ್ವಾನಾದ ಚರ್ಮದಲ್ಲಿ ಈ ಕ್ರಿಯೆಯನ್ನು ವಿವರಿಸಿದರು.

ಹೀಗೆ ರೂಪುಗೊಂಡ ಇಂದಿನ ಕ್ರಮ ಸರಳವಾಗಿದೆ. ಸುಮಾರು 4 ಅಡಿ ಉದ್ದದ ಪೆಟ್ಟಿಗೆಯ ಒಂದು ತುದಿಯಲ್ಲಿ ಮೇಲೆ ಇಟ್ಟ ಬಲ್ಬಿನ ಕೆಳಗೆ 38ರಿಂದ 42 ಡಿಗ್ರಿ ಸೆಲ್ಸಿಯಸ್ ಶಾಖದ ಕಲ್ಲು, ಇನ್ನೊಂದು ತುದಿಯಲ್ಲಿ 22ರಿಂದ 26 ಡಿಗ್ರಿಯ ತಂಪು, ಶಾಖ ಹದ ತಪ್ಪದಂತೆ ಥರ್ಮೋಸ್ಟಾಟ್. ಬಿಸಿ ತುದಿಯಿಂದ ಪೆಟ್ಟಿಗೆಯ ಅರ್ಧಕ್ಕೂ ಮೀರಿ ಚಾಚಿದ ಉದ್ದನೆಯ ಯುವಿ-ಬಿ ಟ್ಯೂಬು. ಟ್ಯೂಬಿಗೂ ಪ್ರಾಣಿಗೂ ನಡುವೆ ಗಾಜಾಗಲಿ ಪ್ಲಾಸ್ಟಿಕ್ಕಾಗಲಿ ಅಡ್ಡ ಇರಬಾರದು. ತಂತಿಬಲೆಯೂ ಕಿರಣದ ಒಂದಷ್ಟು ಪಾಲನ್ನು ತಡೆಯುತ್ತದೆ. ಹಗಲು 12ರಿಂದ 14 ಗಂಟೆ ಬೆಳಕು, ರಾತ್ರಿ ಪೂರ್ತಿ ಕತ್ತಲೆ. ಹೊಳಪು ಎಳ್ಳಷ್ಟೂ ಕುಂದದಂತೆ ಕಾಣುವಾಗಲೇ ಟ್ಯೂಬಿನ ಯುವಿ ಇಳಿದಿರುತ್ತದೆ. ಅದು ಕಣ್ಣಿಗೆ ಗೊತ್ತಾಗದು. ಯುವಿ ಸೂಚ್ಯಂಕ ಮಾಪಕದಿಂದ ಆಗಾಗ ಅಳೆಯಬೇಕು, ಅಥವಾ ತಯಾರಕರು ಹೇಳಿದ ಅವಧಿ ಮುಗಿದ ಕೂಡಲೇ ಟ್ಯೂಬನ್ನು ಬದಲಿಸಬೇಕು.