ಕಡಲತಳದ ಮಣ್ಣಿನಲ್ಲಿ ಲಂಗರಿನ ಹಿಡಿತ

ರಾಯಪುರಂ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು 1856ರ ಹಳೆಯ ರೈಲು ನಿಲ್ದಾಣ. ಅಲ್ಲಿಂದ ಪೂರ್ವಕ್ಕೆ ಕಾಸಿಮೇಡು ಮೀನುಗಾರಿಕಾ ಬಂದರಿನ ಕಡೆಗೆ ನಡೆದು ಕಡಲಿನತ್ತ ದೃಷ್ಟಿ ಹಾಯಿಸಿದರೆ, ಚೆನ್ನೈ ಬಂದರಿನ ಪ್ರವೇಶಕ್ಕಾಗಿ ಕಾದು ನಿಂತ ಹಡಗುಗಳು ದೂರದಲ್ಲಿ ಕಾಣುವುದುಂಟು. ಸಾವಿರಾರು ಟನ್ ತೂಗುವ ಅವುಗಳನ್ನು ಹಿಡಿದಿರುವುದು ಕೆಲವೇ ಟನ್ ತೂಕದ ಲಂಗರು. ಲಂಗರು ತನ್ನ ಭಾರದಿಂದಲೇ ಹಡಗನ್ನು ನಿಲ್ಲಿಸುತ್ತದೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಆ ಹಿಡಿತದ ಬಹುಪಾಲು ಬರುವುದು ಲಂಗರು ಹೂತುಕೊಂಡಿರುವ ಮಣ್ಣಿನಿಂದ.

ಮದರಾಸಿಗೆ ಸಹಜ ಬಂದರು ಇರಲಿಲ್ಲ. ಹಡಗುಗಳು ತೆರೆದ ಕಡಲಿನಲ್ಲಿಯೇ ಲಂಗರು ಹಾಕುತ್ತಿದ್ದವು. ಜನರೂ ಸರಕೂ ಮಸೂಲಾ ದೋಣಿಗಳಲ್ಲಿ ಅಲೆಗಳನ್ನು ದಾಟಿ ದಡ ಸೇರಬೇಕಾಗಿತ್ತು. 1746ರ ಸೆಪ್ಟೆಂಬರಿನಲ್ಲಿ ನಗರವನ್ನು ವಶಪಡಿಸಿಕೊಂಡ ಫ್ರೆಂಚರ ನೌಕಾಪಡೆಯು ಮರುತಿಂಗಳೇ ಇದೇ ನೆಲೆಯಲ್ಲಿ ಚಂಡಮಾರುತಕ್ಕೆ ಸಿಕ್ಕಿ ಹಡಗುಗಳನ್ನೂ ನಾವಿಕರನ್ನೂ ಕಳೆದುಕೊಂಡಿತು. ನಿರ್ಮಾಣದಲ್ಲಿದ್ದ ಬಂದರಿನ ಅಲೆತಡೆಗೋಡೆಗಳನ್ನು 1881ರ ಚಂಡಮಾರುತ ಕೆಡವಿತು. ಇವೆಲ್ಲ ಹಳೆಯ ಕಥೆಯೆನ್ನುವಂತಿಲ್ಲ. 2012ರ ಅಕ್ಟೋಬರ್ 31ರಂದು, ನೀಲಂ ಚಂಡಮಾರುತದ ಸಮಯದಲ್ಲಿ, ‘ಪ್ರತಿಭಾ ಕಾವೇರಿ’ ಎಂಬ ತೈಲನೌಕೆಯ ಲಂಗರು ಜಾರಿ, ಹಡಗು ಬೆಸೆಂಟ್ ನಗರದ ದಡದ ಬಳಿ ನೆಲಕಚ್ಚಿತು. ಹಡಗನ್ನು ಬಿಟ್ಟು ಹೊರಟವರ ಜೀವರಕ್ಷಕ ದೋಣಿ ಮಗುಚಿ ಯುವ ನಾವಿಕರು ಪ್ರಾಣ ಕಳೆದುಕೊಂಡರು. ಸಂಜೆ ಮಕ್ಕಳನ್ನು ಕರೆದೊಯ್ಯುವ ಆ ಮರಳದಂಡೆಯಲ್ಲಿ ನಿಂತು ಆ ಹಡಗನ್ನು ನೋಡಿದವರು ನಮ್ಮಲ್ಲೂ ಇದ್ದಾರು.

ಲಂಗರು ಜಾರುವುದೇಕೆ? ಹಡಗಿನ ಲಂಗರು ಮಣ್ಣನ್ನು ಕಚ್ಚಬೇಕಾದರೆ ಸೆಳೆತವು ನೆಲಕ್ಕೆ ಸಮಾನಾಂತರವಾಗಿರಬೇಕು. ಅದಕ್ಕಾಗಿಯೇ ನೀರಿನ ಆಳದ ಹಲವು ಪಟ್ಟು ಉದ್ದದ ಸರಪಣಿಯನ್ನು ಬಿಡುತ್ತಾರೆ. ಅದರ ಬಹುಭಾಗ ತಳದಲ್ಲಿ ಮಲಗಿರುತ್ತದೆ. ಬಿರುಗಾಳಿಯಲ್ಲಿ ಸರಪಣಿ ಪೂರ್ತಿ ಬಿಗಿದು ಮೇಲಕ್ಕೆ ಎಳೆಯತೊಡಗಿದರೆ ಲಂಗರಿನ ಹಲ್ಲುಗಳು ಮಣ್ಣಿನಿಂದ ಕಿತ್ತುಬರುತ್ತವೆ. ಮರಳಿನಲ್ಲಿ ಸಾಮಾನ್ಯ ಹಡಗಿನ ಲಂಗರು ತನ್ನ ತೂಕದ ಮೂರರಿಂದ ಐದು ಪಟ್ಟು ಸೆಳೆತವನ್ನಷ್ಟೇ ತಡೆಯಬಲ್ಲದು. ಅದು ತಾತ್ಕಾಲಿಕ ತಂಗುವಿಕೆಗೆ ರೂಪಿಸಿದ ಸಾಧನ. ಚಂಡಮಾರುತವನ್ನು ಎದುರಿಸಿ ನಿಲ್ಲಲೆಂದು ಮಾಡಿದ್ದಲ್ಲ.

ವರ್ಷಗಟ್ಟಲೆ ಒಂದೇ ಕಡೆ ತೇಲಬೇಕಾದ ತೈಲಸ್ಥಾವರಗಳ ಪ್ರಶ್ನೆಯೇ ಬೇರೆ. ಆಂಧ್ರ ಕರಾವಳಿಯಾಚೆ ಕೃಷ್ಣಾ–ಗೋದಾವರಿ ಜಲಾನಯನ ಪ್ರದೇಶದಲ್ಲಿ 2008ರಲ್ಲಿ ತೈಲೋತ್ಪಾದನೆ ಆರಂಭವಾದ ಸ್ಥಳದ ಆಳ ಸುಮಾರು 1,200 ಮೀಟರ್. ಇಂತಹ ಆಳಕ್ಕೆ ಲಂಗರನ್ನು ನೆಲದೊಳಕ್ಕೇ ಇಳಿಸಿ ಹೂಳುವ ವಿಧಾನಗಳಿವೆ. ಅವುಗಳಲ್ಲಿ ನನಗೆ ಅತ್ಯಂತ ಜಾಣತನದ್ದಾಗಿ ತೋರುವುದು ಹೀರು-ಲಂಗರು. ಬೋರಲು ಹಾಕಿದ ಬಕೆಟ್ಟಿನಂತೆ ಕೆಳಗೆ ತೆರೆದು ಮೇಲೆ ಮುಚ್ಚಿದ ಉಕ್ಕಿನ ಕೊಳವೆ ಅದು. ಹಲವು ಮೀಟರ್ ವ್ಯಾಸ, ಕೆಲವೊಮ್ಮೆ 20 ಮೀಟರಿಗೂ ಮಿಕ್ಕ ಉದ್ದ. ಅದು ಮೊದಲು ಸ್ವಂತ ಭಾರದಿಂದ ಸ್ವಲ್ಪ ಇಳಿಯುತ್ತದೆ. ಆಮೇಲೆ ಒಳಗಿನ ನೀರನ್ನು ಪಂಪಿನಿಂದ ಹೊರತೆಗೆದಾಗ ಒಳಗೆ ಒತ್ತಡ ಕುಸಿಯುತ್ತದೆ, ಹೊರಗಿನ ಕಡಲೇ ಅದನ್ನು ಕೆಳಕ್ಕೆ ಒತ್ತುತ್ತದೆ. ಸುತ್ತಿಗೆಯ ಪೆಟ್ಟು ಬೇಕಿಲ್ಲ. ಸರಪಣಿಯನ್ನು ಕೊಳವೆಯ ತಲೆಗೆ ಕಟ್ಟದೆ, ಹೂತ ಆಳದ ಸುಮಾರು ಮೂರನೆಯ ಎರಡು ಭಾಗದಷ್ಟು ಕೆಳಗೆ ಕಟ್ಟುತ್ತಾರೆ. ಇಲ್ಲವಾದರೆ ಸೆಳೆತಕ್ಕೆ ಕೊಳವೆ ವಾಲಿಬಿಡುತ್ತದೆ.

ಇದನ್ನು ಮೇಲಕ್ಕೆ ಕೀಳುವುದು ಕಷ್ಟ. ಕೆಸರುಗದ್ದೆಯಲ್ಲಿ ಹೂತ ಕಾಲನ್ನು ಥಟ್ಟನೆ ಎತ್ತಹೊರಟವರಿಗೆ ಕಾರಣ ತಿಳಿದೇ ಇದೆ: ಅಡಿಯಲ್ಲಿ ಉಂಟಾಗುವ ಹೀರುವಿಕೆ ಕಾಲನ್ನು ಬಿಡುವುದಿಲ್ಲ. ಜೇಡಿಮಣ್ಣಿನ ಮೂಲಕ ನೀರು ಬಹಳ ನಿಧಾನವಾಗಿ ಹರಿಯುವುದರಿಂದ ಅಲ್ಲಿ ಈ ಹಿಡಿತ ಬಾಳುತ್ತದೆ. ಮರಳಿನಲ್ಲಿ ನೀರು ಬೇಗ ನುಗ್ಗಿ ಅದನ್ನು ಸಡಿಲಿಸುತ್ತದೆ.

ಇನ್ನೊಂದು ವಿಧ ಫಲಕ-ಲಂಗರು. ಸರಳ ಲೆಕ್ಕವೊಂದನ್ನು ನೋಡೋಣ. ಆಳವಾಗಿ ಹೂತ ಫಲಕವು ತಡೆಯುವ ಬಲವು ಅದರ ವಿಸ್ತೀರ್ಣ ಮತ್ತು ಜೇಡಿಯ ಬಲಗಳ ಗುಣಲಬ್ಧದ ಸುಮಾರು 12 ಪಟ್ಟು. 3 ಮೀಟರ್ ಅಗಲ, 4 ಮೀಟರ್ ಉದ್ದದ ಫಲಕವು ಚದರ ಮೀಟರಿಗೆ 2.5 ಟನ್ ಬಲದ ಜೇಡಿಯಲ್ಲಿದ್ದರೆ ಸುಮಾರು 360 ಟನ್ ಸೆಳೆತವನ್ನು ತಡೆದೀತು. ಅದೇ ಫಲಕವನ್ನು ಮೊಸರಿನಷ್ಟು ಮೆದುವಾದ ಮೇಲ್ಪದರದಲ್ಲಿ ಇಟ್ಟರೆ ಪ್ರಯೋಜನವಿಲ್ಲ. ಆಳಕ್ಕೆ ಹೋದಂತೆ ಮೇಲಿನ ಮಣ್ಣಿನ ಭಾರದಿಂದ ಜೇಡಿ ಬಲಗೊಳ್ಳುತ್ತದೆ. ಹೂಳುವಾಗ ಕದಡಿದ ಮಣ್ಣು ಕೂಡ ವಾರ, ತಿಂಗಳುಗಳಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಆದರೆ ಸಾವಿರಾರು ಅಲೆಗಳ ಸತತ ಜಗ್ಗಾಟ ಆ ಬಲವನ್ನು ಕುಗ್ಗಿಸುವುದರಿಂದ ಲೆಕ್ಕದಲ್ಲಿ ಬಂದ ಸಂಖ್ಯೆಯನ್ನು ಎಂಜಿನಿಯರುಗಳು ಪೂರ್ತಿಯಾಗಿ ನೆಚ್ಚುವುದಿಲ್ಲ.

ನಮ್ಮ ನಗರಕ್ಕೂ ಈ ವಿದ್ಯೆಯ ನಂಟಿದೆ. 1993ರಲ್ಲಿ ಸ್ಥಾಪನೆಯಾಗಿ ಪಳ್ಳಿಕರಣೈಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 2007ರಲ್ಲಿ ಚೆನ್ನೈ ತೀರದಿಂದ ಸುಮಾರು 40 ಕಿಲೋಮೀಟರ್ ದೂರದ ಆಳಕಡಲಿನಲ್ಲಿ ತೇಲುದೋಣಿಯೊಂದನ್ನು ಲಂಗರು ಕಟ್ಟಿ ನಿಲ್ಲಿಸಿತು. ಅರ್ಧ ಕಿಲೋಮೀಟರಿಗೂ ಉದ್ದವಾದ ಕೊಳವೆಯಿಂದ ತಣ್ಣೀರನ್ನು ಮೇಲೆತ್ತಿ, ದಿನಕ್ಕೆ 10 ಲಕ್ಷ ಲೀಟರ್ ಸಿಹಿನೀರು ತಯಾರಿಸುವ ಪ್ರಯೋಗ ಅದರ ಮೇಲೆ ನಡೆಯಿತು. ಬಂಗಾಳಕೊಲ್ಲಿಯಲ್ಲಿ ಗಾಳಿ, ಅಲೆ, ಉಷ್ಣತೆಗಳನ್ನು ಅಳೆದು ಉಪಗ್ರಹದ ಮೂಲಕ ತಿಳಿಸುವ ಬಾಯ್‌ಗಳನ್ನೂ ಇದೇ ಸಂಸ್ಥೆ ನೆಲೆಗೊಳಿಸುತ್ತದೆ. ಬರಲಿರುವ ಚಂಡಮಾರುತದ ಮುನ್ಸೂಚನೆಗೆ ಬೇಕಾದ ಮಾಹಿತಿಯಲ್ಲಿ ಒಂದು ಪಾಲು ಈ ಬಾಯ್‌ಗಳಿಂದ ದೊರೆಯುತ್ತದೆ. ಕಾಸಿಮೇಡಿನ ದೋಣಿಗಳು ಕಡಲಿಗಿಳಿಯದೆ ಬಂದರಿನಲ್ಲೇ ನಿಲ್ಲುವುದು ಆ ಮುನ್ಸೂಚನೆಯನ್ನು ಕೇಳಿ.