ಉದರ ಅಂಗಾಂಶದಿಂದ ಸ್ತನ ಪುನರ್ನಿರ್ಮಾಣ: ಹಿಂದಿನ ಉದರ ಶಸ್ತ್ರಚಿಕಿತ್ಸೆಯ ಪರಿಣಾಮ

ಕ್ಯಾನ್ಸರಿನ ಕಾರಣ ತೆಗೆದ ಸ್ತನವನ್ನು ರೋಗಿಯ ಹೊಕ್ಕುಳ ಕೆಳಗಿನ ಚರ್ಮ ಮತ್ತು ಕೊಬ್ಬಿನಿಂದ ಮತ್ತೆ ರೂಪಿಸುವ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯನ್ನು ಉದರ ಅಂಗಾಂಶದಿಂದ ಸ್ತನ ಪುನರ್ನಿರ್ಮಾಣ ಎನ್ನುತ್ತಾರೆ. ಹೊಟ್ಟೆಯ ನೇರ ಸ್ನಾಯುವಿನೊಡನೆ ಅಂಗಾಂಶವನ್ನು ಎದೆಗೆ ತರುವ ಟ್ರಾಮ್ ವಿಧಾನವನ್ನು ಅಮೆರಿಕದ ಕಾರ್ಲ್ ಹಾರ್ಟ್ರಾಂಫ್ 1982ರಲ್ಲಿ ಪ್ರಕಟಿಸಿದರು; ಸ್ನಾಯುವನ್ನು ಉಳಿಸಿ, ಅದನ್ನು ತೂರಿ ಬರುವ ಸಣ್ಣ ರಕ್ತನಾಳಗಳೊಡನೆ (ತೂರುನಾಳಗಳೊಡನೆ) ಅಂಗಾಂಶವನ್ನು ಬಿಡಿಸಿ, ಸೂಕ್ಷ್ಮದರ್ಶಕದಡಿ ಎದೆಯ ನಾಳಗಳಿಗೆ ಹೊಲಿಯುವ ಡೀಪ್ ವಿಧಾನ 1990ರ ದಶಕದಲ್ಲಿ ಬಳಕೆಗೆ ಬಂತು.

ಅಂಗಾಂಶದ ಉಳಿವು ರಕ್ತಪೂರೈಕೆಯನ್ನೇ ಅವಲಂಬಿಸಿರುವುದರಿಂದ, ಹಳೆಯ ಗಾಯದ ಕಲೆ ಇದೆಯೇ ಎಂಬುದಕ್ಕಿಂತ ಅದು ಎಲ್ಲಿದೆ ಎಂಬುದು ಮುಖ್ಯ. ಸಿಸೇರಿಯನ್ ಹೆರಿಗೆಯಲ್ಲಿ ಕಿಬ್ಬೊಟ್ಟೆಯ ಅಡಿಯಲ್ಲಿ ಅಡ್ಡಲಾಗಿ ಹಾಕುವ ಕೊಯ್ತ ಸಾಮಾನ್ಯವಾಗಿ ಆಳದ ಮುಖ್ಯ ನಾಳಗಳನ್ನು ತಾಗದ ಕಾರಣ ಅಂಥವರಲ್ಲಿ ಪುನರ್ನಿರ್ಮಾಣ ಬಹುಮಟ್ಟಿಗೆ ಸಾಧ್ಯ. ಹೊಟ್ಟೆಯ ನಡುವಿನ ಉದ್ದನೆಯ ಕಲೆ ಒಂದು ಪಾರ್ಶ್ವದಿಂದ ಇನ್ನೊಂದಕ್ಕೆ ರಕ್ತ ದಾಟುವುದನ್ನು ತಡೆಯಬಲ್ಲದಾದ್ದರಿಂದ ಅರ್ಧ ಭಾಗವನ್ನಷ್ಟೇ ಬಳಸುವುದು ಅಥವಾ ಎರಡೂ ಪಾರ್ಶ್ವಗಳ ನಾಳಗಳನ್ನು ಜೋಡಿಸುವುದು ಅಗತ್ಯವಾಗಬಹುದು. ಪಿತ್ತಕೋಶಕ್ಕಾಗಿ ಬಲ ಪಕ್ಕೆಲುಬಿನ ಕೆಳಗೆ ಓರೆಯಾಗಿ ಕೊಯ್ದಿದ್ದರೆ ಮೇಲಿನ ನಾಳಗಳು ತುಂಡಾಗಿರಬಹುದಾಗಿದ್ದು, ಅವನ್ನೇ ನೆಚ್ಚಿದ ಟ್ರಾಮ್ ವಿಧಾನ ಆ ಪಾರ್ಶ್ವದಲ್ಲಿ ಅಪಾಯಕರ. ಹೊಟ್ಟೆಯ ಕೊಬ್ಬು ತೆಗೆದು ಚರ್ಮ ಬಿಗಿಗೊಳಿಸುವ ಶಸ್ತ್ರಕ್ರಿಯೆಯಲ್ಲಿ ತೂರುನಾಳಗಳೇ ಕತ್ತರಿಸಲ್ಪಡುವುದರಿಂದ, ಅದಾದವರಿಗೆ ತೊಡೆ ಅಥವಾ ಬೆನ್ನಿನ ಅಂಗಾಂಶವನ್ನು ಆರಿಸುವುದೇ ವಾಡಿಕೆ. ಉಳಿದಿರುವ ನಾಳಗಳ ಸ್ಥಾನ ಮತ್ತು ಗಾತ್ರವನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಸಿ.ಟಿ. ಆಂಜಿಯೋಗ್ರಫಿಯಿಂದ ಗುರುತಿಸುತ್ತಾರೆ.