ಕಾರ್ಖಾನೆಯ ವೇಗ, ಗ್ಯಾರೇಜಿನ ವೇಗ: ಲ್ಯಾಂಬ್ರೆಟಾ ಸ್ಕೂಟರಿನ ಚರಿತ್ರೆಯ ಒಂದು ಎಳೆ

ಎರಡನೆಯ ಮಹಾಯುದ್ಧ ಮುಗಿದ ಬೆನ್ನಿಗೆ ಇಟಲಿಯಲ್ಲಿ ಹುಟ್ಟಿದ ಸ್ಕೂಟರ್ ವೇಗಕ್ಕಾಗಿ ರೂಪುಗೊಂಡ ವಾಹನವಾಗಿರಲಿಲ್ಲ. ಬಾಂಬು ದಾಳಿಗೆ ಸಿಕ್ಕಿ ಹಾಳಾದ ರಸ್ತೆಗಳಲ್ಲಿ, ಕಡಿಮೆ ಪೆಟ್ರೋಲಿನಲ್ಲಿ, ಉಟ್ಟ ಬಟ್ಟೆಗೆ ಎಣ್ಣೆ ಸಿಡಿಯದಂತೆ ಜನರನ್ನು ಕೆಲಸದ ಜಾಗಕ್ಕೆ ತಲುಪಿಸುವುದಷ್ಟೇ ಅದರ ಹೊಣೆಯಾಗಿತ್ತು. 1946ರಲ್ಲಿ ಪಿಯಾಜಿಯೊ ಸಂಸ್ಥೆ ಪೊಂಟೆಡೇರಾದಲ್ಲಿ ತಯಾರಿಸಿದ ಮೊದಲ ವೆಸ್ಪಾ 98 ಸಿ.ಸಿ.ಯದಾಗಿದ್ದು, ಅದರ ಗರಿಷ್ಠ ವೇಗ ಗಂಟೆಗೆ 60 ಕಿ.ಮೀ. ಆಸುಪಾಸಿನಲ್ಲಿತ್ತು. ಮರುವರ್ಷ, ಉಕ್ಕಿನ ಕೊಳವೆಗಳ ತಯಾರಿಕೆಯಲ್ಲಿ ಹೆಸರು ಮಾಡಿದ್ದ ಫೆರ್ಡಿನಾಂಡೊ ಇನೊಚೆಂಟಿಯ ಕಾರ್ಖಾನೆ ಮಿಲಾನ್ ನಗರದ ಲಾಂಬ್ರಾಟೆ ಬಡಾವಣೆಯಿಂದ 125 ಸಿ.ಸಿ.ಯ ಲ್ಯಾಂಬ್ರೆಟಾವನ್ನು ಹೊರತಂದಿತು. ಸಿ.ಸಿ. ಎಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುವಾಗ ಆಕ್ರಮಿಸುವ ಜಾಗದ ಘನ ಅಳತೆ. ಎಂಜಿನ್ನಿನ ಗಾತ್ರವನ್ನು, ಬಹುಮಟ್ಟಿಗೆ ಅದರ ಸಾಮರ್ಥ್ಯವನ್ನೂ, ಜನರು ಅಳೆಯುವುದು ಇದರಿಂದಲೇ.

ಈ ಸಾಧು ವಾಹನಗಳಿಗೆ ವೇಗದ ಹುಚ್ಚು ಹಿಡಿಸಿದವರು ಮೊದಲಿಗೆ ತಯಾರಕರೇ. ಮಾರುಕಟ್ಟೆಯ ಪೈಪೋಟಿ ದಾಖಲೆಗಳ ಪೈಪೋಟಿಯಾಗಿ ಮಾರ್ಪಟ್ಟು, 1951ರ ಫೆಬ್ರುವರಿಯಲ್ಲಿ ಡಿನೊ ಮಟ್ಸೊಂಚೀನಿ ರೋಮ್–ಓಸ್ಟಿಯಾ ಹೆದ್ದಾರಿಯಲ್ಲಿ ಟಾರ್ಪಿಡೊ ಆಕಾರದ ಹೊದಿಕೆಯಿದ್ದ 125 ಸಿ.ಸಿ. ವೆಸ್ಪಾವನ್ನು ಗಂಟೆಗೆ 171 ಕಿ.ಮೀ. ವೇಗದಲ್ಲಿ ಓಡಿಸಿದರೆ, ಅದೇ ವರ್ಷದ ಆಗಸ್ಟಿನಲ್ಲಿ ರೊಮೊಲೊ ಫೆರಿ ಜರ್ಮನಿಯ ಮ್ಯೂನಿಕ್–ಇಂಗೋಲ್‌ಸ್ಟಾಟ್ ಹೆದ್ದಾರಿಯಲ್ಲಿ ಅಷ್ಟೇ ಗಾತ್ರದ ಲ್ಯಾಂಬ್ರೆಟಾವನ್ನು 201 ಕಿ.ಮೀ. ವೇಗಕ್ಕೆ ಮುಟ್ಟಿಸಿದರು. ಆದರೆ ಫೆರಿಯ ಎಂಜಿನ್ನಿಗೆ ಸೂಪರ್‌ಚಾರ್ಜರ್, ಅಂದರೆ ಗಾಳಿಯನ್ನು ಒತ್ತಡದಿಂದ ಒಳಗೆ ನೂಕುವ ಸಾಧನ, ಜೋಡಿಸಲಾಗಿತ್ತು. ಅಂಗಡಿಯಲ್ಲಿ ಮಾರುತ್ತಿದ್ದ ಸ್ಕೂಟರಿಗೂ ಈ ಯಂತ್ರಕ್ಕೂ ಇದ್ದ ನಂಟು ಹೆಸರಿನದ್ದೇ ಹೊರತು ಹೆಚ್ಚಿನದಲ್ಲ. ಆದ್ದರಿಂದ ಸ್ಕೂಟರನ್ನು ವೇಗಗೊಳಿಸಿದ ನಿಜವಾದ ಚರಿತ್ರೆಯನ್ನು ಈ ದಾಖಲೆಗಳಲ್ಲಿ ಹುಡುಕುವುದು ಸರಿಯಲ್ಲ. ಅದು ಕೆಲವು ವರ್ಷಗಳ ನಂತರ, ಬ್ರಿಟನ್ನಿನ ಮಾರಾಟಗಾರರ ಗ್ಯಾರೇಜುಗಳಲ್ಲಿ ಮೊದಲಾಯಿತು.

ಅದಕ್ಕೆ ದಾರಿ ಮಾಡಿಕೊಟ್ಟದ್ದು ಇನೊಚೆಂಟಿಯ ಎಂಜಿನಿಯರುಗಳು ಉಳಿತಾಯದ ದೃಷ್ಟಿಯಿಂದ ಕೈಗೊಂಡ ಒಂದು ತೀರ್ಮಾನ. 1958ರಲ್ಲಿ ಬಂದ ಎಲ್‌ಐ ಸರಣಿಯಲ್ಲಿ ಪಿಸ್ಟನ್ ಚಲಿಸುವ ದೂರವನ್ನು, ಅಂದರೆ ಸ್ಟ್ರೋಕನ್ನು, 58 ಮಿ.ಮೀ.ಗೆ ನಿಗದಿ ಮಾಡಿ, ಬೇರೆ ಬೇರೆ ಸಾಮರ್ಥ್ಯದ ಮಾದರಿಗಳಿಗೆ ಸಿಲಿಂಡರಿನ ಒಳವ್ಯಾಸವನ್ನು, ಅಂದರೆ ಬೋರನ್ನು, ಮಾತ್ರ ಬದಲಿಸಲಾಯಿತು. 52 ಮಿ.ಮೀ. ಬೋರಿಗೆ 123 ಸಿ.ಸಿ., 57ಕ್ಕೆ 148, 62ಕ್ಕೆ 175, 66ಕ್ಕೆ 198 ಸಿ.ಸಿ. ಆಗುತ್ತಿತ್ತು. ಒಂದೇ ಬಗೆಯ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್ನಿನ ತಳದ ಲೋಹದ ಕವಚ, ಇವೆಲ್ಲವನ್ನೂ ಹೊರುವಂತಿದ್ದುದರಿಂದ, ಚಿಕ್ಕ ಸ್ಕೂಟರ್ ಕೊಂಡವನು ಕವಚದ ಬಾಯನ್ನು ಕೊಂಚ ಅಗಲಿಸಿ ದೊಡ್ಡ ಸಿಲಿಂಡರನ್ನು ಕೂರಿಸಬಹುದಾಗಿತ್ತು. ಕಾರ್ಖಾನೆ ತನ್ನ ಖರ್ಚು ತಗ್ಗಿಸಲೆಂದು ಮಾಡಿದ ಈ ಏರ್ಪಾಡು ಗ್ಯಾರೇಜಿನ ಕುಶಲಕರ್ಮಿಗಳಿಗೆ ತೆರೆದ ಬಾಗಿಲಾಯಿತೆಂಬುದು ಈ ಚರಿತ್ರೆಯ ಕೇಂದ್ರ ಸಂಗತಿ.

ಬ್ರಿಟನ್ನಿನ ಬೇಡಿಕೆ ಎಷ್ಟು ಬಲವಾಗಿತ್ತೆಂದರೆ, 1963ರಲ್ಲಿ 200 ಸಿ.ಸಿ.ಯ ಲ್ಯಾಂಬ್ರೆಟಾ ಬಂದದ್ದೇ ಅಲ್ಲಿನ ಆಮದುದಾರರ ಒತ್ತಾಯದಿಂದ. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1957ರಿಂದ ನಡೆಯತೊಡಗಿದ ಸ್ಕೂಟರ್ ರ‍್ಯಾಲಿಗಳು ಮಾರಾಟಗಾರರಿಗೆ ತಮ್ಮ ಕೈಚಳಕ ತೋರಿಸುವ ಕಣವಾದವು. ವಾಟ್‌ಫರ್ಡ್ ಊರಿನ ಮಾರಾಟಗಾರ ಆರ್ಥರ್ ಫ್ರಾನ್ಸಿಸ್ ‘ಎಸ್-ಟೈಪ್’ ಎಂಬ ಹೆಸರಿನಲ್ಲಿ ಮಾರ್ಪಡಿಸಿದ ಲ್ಯಾಂಬ್ರೆಟಾಗಳನ್ನು ಮಾರಿ, ವೇಗವನ್ನೇ ಒಂದು ಸರಕಾಗಿಸಿದರು. 1964ರ ಬ್ರೈಟನ್ ಗಲಭೆಗಳ ಮೂಲಕ ಪತ್ರಿಕೆಗಳಿಗೆ ಪರಿಚಿತರಾದ, ‘ಮಾಡ್’ ಎಂಬ ಪಂಥದ ಯುವಕರಲ್ಲಿ ಅನೇಕರು ಕನ್ನಡಿ, ದೀಪ, ಕ್ರೋಮ್ ಲೇಪಗಳಿಗೆ ಮನಸೋತವರಾಗಿದ್ದು, ಸ್ಕೂಟರಿನ ಹೊರನೋಟ ಅವರ ಆಸ್ತಿಯಾಗಿತ್ತು. ಅದರ ಎಂಜಿನ್ ಮಾತ್ರ ಈ ಗ್ಯಾರೇಜುಗಳವರದ್ದಾಗಿತ್ತು.

ಗ್ಯಾರೇಜುಗಳಲ್ಲಿ ನಡೆದ ಕೆಲಸವನ್ನು ತಿಳಿಯಲು ಟೂ-ಸ್ಟ್ರೋಕ್ ಎಂಜಿನ್ನಿನ ಉಸಿರಾಟವನ್ನು ಅರಿಯಬೇಕು. ಇದರಲ್ಲಿ ಕವಾಟಗಳ ಬದಲು ಸಿಲಿಂಡರಿನ ಗೋಡೆಯಲ್ಲಿ ಪೋರ್ಟ್ ಎಂಬ ಕಿಂಡಿಗಳಿದ್ದು, ಪಿಸ್ಟನ್ ಮೇಲೆ ಕೆಳಗೆ ಸರಿಯುವಾಗ ಅವು ತೆರೆದು ಮುಚ್ಚುತ್ತವೆ. ಹೊಗೆ ಹೊರಹೋಗುವ ಕಿಂಡಿಯನ್ನು ಅರದಿಂದ ಉಜ್ಜಿ ಮೇಲಕ್ಕೆ ಏರಿಸಿದರೆ ಅದು ಬೇಗ ತೆರೆದು ಹೆಚ್ಚು ಸುತ್ತುಗಳಲ್ಲಿ ಶಕ್ತಿ ಹೆಚ್ಚುತ್ತದೆ, ಆದರೆ ನಿಧಾನಗತಿಯ ಎಳೆತ ಕುಗ್ಗುತ್ತದೆ. ಇನ್ನೂ ದೊಡ್ಡ ಬದಲಾವಣೆ ಬಂದದ್ದು ಸೈಲೆನ್ಸರಿನಿಂದ. ಪೂರ್ವ ಜರ್ಮನಿಯ ಎಂಜೆಡ್ ಸಂಸ್ಥೆಯಲ್ಲಿ ವಾಲ್ಟರ್ ಕಾಡನ್ ಎಂಬ ಎಂಜಿನಿಯರ್, ಹೊಟ್ಟೆ ಉಬ್ಬಿ ತುದಿ ಸಣ್ಣದಾದ ಹೊಗೆಕೊಳವೆಯಲ್ಲಿ ಒತ್ತಡದ ಅಲೆ ಹಿಂದಿರುಗಿ, ಹೊರಜಾರುತ್ತಿರುವ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ನೂಕುವುದನ್ನು ಪಳಗಿಸಿ, 1961ರ ವೇಳೆಗೆ 125 ಸಿ.ಸಿ. ರೇಸಿಂಗ್ ಎಂಜಿನ್ನಿನಿಂದ 25 ಅಶ್ವಶಕ್ತಿ ಪಡೆದರು. ಅದೇ ವರ್ಷ ಅವರ ಸವಾರ ಎರ್ನ್‌ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ ಸುಜುಕಿಯನ್ನು ಸೇರಿದಾಗ ಈ ವಿದ್ಯೆ ಜಪಾನಿಗೆ ತಲುಪಿತು. ಅಲ್ಲಿಂದ ಮೋಟಾರ್ ಸೈಕಲುಗಳ ಮೂಲಕ ಎಲ್ಲೆಡೆ ಹರಡಿ, ಕೊನೆಗೆ ಸ್ಕೂಟರಿನ ಗ್ಯಾರೇಜಿಗೂ ಬಂತು.

ಶಕ್ತಿ ಹೆಚ್ಚಿಸುವುದರಷ್ಟೇ ಕಷ್ಟದ ಕೆಲಸ ಅದರ ಬಿಸಿಯನ್ನು ತಾಳಿಕೊಳ್ಳುವುದಾಗಿತ್ತು. ಲ್ಯಾಂಬ್ರೆಟಾದ ಸಿಲಿಂಡರ್ ಪಕ್ಕದ ಹೊದಿಕೆಯೊಳಗೆ ಮುಚ್ಚಿಕೊಂಡಿದ್ದು, ಫ್ಯಾನ್ ದಬ್ಬುವ ಗಾಳಿಯಷ್ಟೇ ಅದನ್ನು ತಂಪಾಗಿಡಬೇಕಿತ್ತು. ಪೆಟ್ರೋಲಿನ ಪ್ರಮಾಣ ಸ್ವಲ್ಪ ಕಡಿಮೆಯಾದರೂ ಪಿಸ್ಟನ್ ಬಿಸಿಗೆ ಹಿಗ್ಗಿ ಗೋಡೆಗೆ ಅಂಟಿ ಎಂಜಿನ್ ಸೀಜ್ ಆಗುತ್ತಿತ್ತು, ಅಂದರೆ ಹಿಂದಿನ ಚಕ್ರ ಒಮ್ಮೆಲೇ ಬಿಗಿಯಾಗಿ ಸವಾರ ನೆಲಕ್ಕೆ ಬೀಳುವ ಸ್ಥಿತಿ ಒದಗುತ್ತಿತ್ತು. ಹತ್ತಂಗುಲದ ಚಕ್ರ ಮತ್ತು ಪುಟ್ಟ ಡ್ರಮ್ ಬ್ರೇಕು ಈ ವೇಗಕ್ಕೆ ಲೆಕ್ಕಹಾಕಿದವಲ್ಲ. 1962ರ ಟಿವಿ 175 ಮಾದರಿಗೆ ಇನೊಚೆಂಟಿ ಮುಂಚಕ್ರದ ಡಿಸ್ಕ್ ಬ್ರೇಕ್ ಕೊಟ್ಟದ್ದು, ಕಾರ್ಖಾನೆಗೂ ಈ ಅಪಾಯದ ಅರಿವಿತ್ತೆಂಬುದನ್ನು ತೋರಿಸುತ್ತದೆ. ವೇಗದ ಬಗ್ಗೆ ಬರೆಯುವವರು ಬ್ರೇಕನ್ನು ಮರೆಯುವುದು ದೊಡ್ಡ ಲೋಪವೆಂದೇ ಹೇಳಬೇಕು.

1971ರಲ್ಲಿ ಇನೊಚೆಂಟಿ ಲ್ಯಾಂಬ್ರೆಟಾ ತಯಾರಿಕೆಯನ್ನು ನಿಲ್ಲಿಸಿದಾಗ ಈ ಕಸಬು ಅಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ಭಾರತ ಸರ್ಕಾರ ಆ ಕಾರ್ಖಾನೆಯ ಯಂತ್ರೋಪಕರಣಗಳನ್ನು ಕೊಂಡು, 1972ರಲ್ಲಿ ಸ್ಥಾಪಿಸಿದ ಸ್ಕೂಟರ್ಸ್ ಇಂಡಿಯಾ ಸಂಸ್ಥೆಯ ಮೂಲಕ ಲಖನೌದಲ್ಲಿ ತಯಾರಿಕೆ ಆರಂಭಿಸಿತು. ಇಲ್ಲಿನ ಬೀದಿಗಳಲ್ಲಿ ವಿಜಯ್ ಸೂಪರ್ ಎಂದು ಓಡಾಡಿದ ಸ್ಕೂಟರಿನ ಸಹೋದರನಾದ ಜಿಪಿ ಮಾದರಿ ಬ್ರಿಟನ್ನಿಗೆ ರಫ್ತಾಯಿತು. ಅದರ ಬಿಡಿಭಾಗಗಳು ಅಲ್ಲಿನ ಹಳೆಯ ಸ್ಕೂಟರುಗಳನ್ನು ಜೀವಂತವಾಗಿಟ್ಟವು. ಭಾರತದಲ್ಲಿ ಮನೆಮಂದಿಯನ್ನೆಲ್ಲ ಹೊತ್ತ ಯಂತ್ರವೇ ಬ್ರಿಟನ್ನಿನಲ್ಲಿ ಸ್ಪರ್ಧೆಯ ಮೂಲದ್ರವ್ಯವಾದದ್ದನ್ನು ನಮ್ಮ ಕೈಗಾರಿಕಾ ಚರಿತ್ರೆ ಅಷ್ಟಾಗಿ ಗುರುತಿಸಿಲ್ಲ.

1980ರ ದಶಕದ ನಡುವಿನಲ್ಲಿ ಬಂದ ‘ಟಿಎಸ್1’ ಸಿಲಿಂಡರ್ ಆ ಹಳೆಯ 58 ಮಿ.ಮೀ. ಸ್ಟ್ರೋಕಿಗೆ 70 ಮಿ.ಮೀ. ಬೋರನ್ನು ಕೂಡಿಸಿ ಸುಮಾರು 223 ಸಿ.ಸಿ. ಕೊಟ್ಟಿತಲ್ಲದೆ, ಮಿಶ್ರಣ ಹಿಂದಕ್ಕೆ ಹರಿಯದಂತೆ ತಡೆಯುವ ತೆಳುಹಾಳೆಗಳ ರೀಡ್ ಕವಾಟವನ್ನೂ ಒಳಗೊಂಡಿತ್ತು. ಲಖನೌದಲ್ಲಿ ಸ್ಕೂಟರ್ ತಯಾರಿಕೆ 1990ರ ದಶಕದಲ್ಲಿ ನಿಂತ ಮೇಲೆ ಕ್ರ್ಯಾಂಕ್‌ಕೇಸನ್ನೂ ಸಣ್ಣ ಸಂಸ್ಥೆಗಳೇ ಎರಕ ಹೊಯ್ಯತೊಡಗಿದವು. ಇಂದು ಇಟಲಿ ಮತ್ತು ಬ್ರಿಟನ್ನಿನ ಅಂಥ ಸಂಸ್ಥೆಗಳು 250 ಸಿ.ಸಿ. ಮೀರಿದ ಸಿಲಿಂಡರುಗಳನ್ನು ಲ್ಯಾಂಬ್ರೆಟಾಕ್ಕಾಗಿಯೇ ತಯಾರಿಸುತ್ತಿದ್ದು, ಇನೊಚೆಂಟಿಯ ಒಂದು ತುಣುಕೂ ಇಲ್ಲದ ಎಂಜಿನ್ನನ್ನು ಇನೊಚೆಂಟಿಯ ಚೌಕಟ್ಟಿಗೆ ಜೋಡಿಸುವುದು ಸಾಧ್ಯವಾಗಿದೆ.